ಕಾಲಿನ್ ಮೆಕೆಂಜಿ

ಕರ್ನಲ್ ಕಾಲಿನ್ ಮೆಕೆಂಜಿ (1754 – 8 ಮೇ 1821) ಈಸ್ಟ್ ಇಂಡಿಯಾ ಕಂಪನಿಯ ಸೇನಾ ಎಂಜಿನಿಯರ್, ಭೂಮಾಪಕ ಹಾಗೂ ಹಸ್ತಪ್ರತಿ, ಶಾಸನ, ನಾಣ್ಯ ಮತ್ತು ಚಿತ್ರಗಳ ಸಂಗ್ರಾಹಕ. 1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ನಡೆದ ಮೈಸೂರು ಮೋಜಣಿಯ ಮುಖ್ಯಸ್ಥರಾಗಿದ್ದ ಇವರು, 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆಗಿ ನೇಮಕಗೊಂಡರು. ಕನ್ನಡ ನಾಡಿನ ಇತಿಹಾಸವನ್ನು ಓದುವವರಿಗೆ ಇವರ ಹೆಸರು ಹೆಚ್ಚಾಗಿ ಕೈಫಿಯತ್ತುಗಳ ಮೂಲಕ ಪರಿಚಿತ. ಹಳೆಯ ಕಟ್ಟಡವನ್ನು ಅಳೆದು, ಅದರ ಅಂಗಗಳನ್ನು ಬೇರೆ ಬೇರೆಯಾಗಿ ಚಿತ್ರಿಸಿ, ಆ ಕೆಲಸದಲ್ಲಿ ಕಿರಿಯರನ್ನು ತರಬೇತಿಗೊಳಿಸಿದ್ದು ಇವರ ಮತ್ತೊಂದು ಮುಖ್ಯ ಕೊಡುಗೆ. ಇಂದು ಗಣಕಯಂತ್ರದ ನೆರವಿನಿಂದ ಕಟ್ಟಡಗಳನ್ನು ವಿಶ್ಲೇಷಿಸಿ ಪಾಠ ಮಾಡುವವರು ಇಂಥ ಅಳತೆಯ ಚಿತ್ರಗಳನ್ನು ಆಧಾರವಾಗಿ ಬಳಸಬಹುದಾಗಿದೆ.

ಆರಂಭದ ಜೀವನ

ಮೆಕೆಂಜಿಯವರು ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೊವೇ ಎಂಬ ಬಂದರು ಊರಿನಲ್ಲಿ ಜನಿಸಿದರು. ತಂದೆ ಮರ್ಡಾಕ್ ಮೆಕೆಂಜಿ ಅಲ್ಲಿನ ಅಂಚೆಯ ಅಧಿಕಾರಿಯಾಗಿದ್ದರು. ಕಾಲಿನ್ ಮೊದಲು ಅದೇ ಊರಿನ ಸುಂಕದ ಕಚೇರಿಯಲ್ಲಿ ಕೆಲಸ ಮಾಡಿದರು. ಗಣಿತದಲ್ಲಿ ಅವರಿಗೆ ಚಿಕ್ಕಂದಿನಿಂದಲೇ ಆಸಕ್ತಿಯಿತ್ತು. ಲಾಗರಿದಮ್ ಪದ್ಧತಿಯನ್ನು ರೂಪಿಸಿದ ಜಾನ್ ನೇಪಿಯರ್ ಅವರ ಜೀವನಚರಿತ್ರೆಯನ್ನು ಬರೆಯಲು ಆ ಮನೆತನದ ಫ್ರಾನ್ಸಿಸ್ ನೇಪಿಯರ್ ಸಿದ್ಧತೆ ನಡೆಸಿದ್ದರು. ಹಿಂದೂಗಳ ಗಣಿತದ ಬಗ್ಗೆ ಮಾಹಿತಿ ಸಂಗ್ರಹಿಸುವ ಆ ಕೆಲಸದಲ್ಲಿ ಮೆಕೆಂಜಿಯವರ ಸಹಾಯವನ್ನೂ ಪಡೆದಿದ್ದರು. ಭಾರತದ ವಿದ್ಯೆಗಳ ಬಗ್ಗೆ ಅವರಲ್ಲಿ ಕುತೂಹಲ ಮೂಡಿದ್ದು ಹೀಗೆ.

1783ರಲ್ಲಿ ಅವರು ಕಂಪನಿಯ ಸೇನೆಗೆ ಸೇರಿ ಮದ್ರಾಸಿಗೆ ಬಂದರು. ನೇಪಿಯರ್ ಅವರ ಮಗಳು ಹೆಸ್ಟರ್ ಜಾನ್‌ಸ್ಟನ್ ಆಗ ಮದುರೆಯಲ್ಲಿ ನೆಲೆಸಿದ್ದರು. ಅವರ ಮೂಲಕ ಮೆಕೆಂಜಿಯವರಿಗೆ ಅಲ್ಲಿನ ವಿದ್ವಾಂಸರ ಪರಿಚಯವಾಯಿತು. ನಂತರ ಪದಾತಿ ದಳದಿಂದ ಎಂಜಿನಿಯರ್ ವಿಭಾಗಕ್ಕೆ ವರ್ಗಗೊಂಡು, ನೆಲ್ಲೂರು, ಗುಂಟೂರು ಸೀಮೆಗಳಲ್ಲಿ ದಾರಿ ಮತ್ತು ಭೂಪ್ರದೇಶಗಳ ನಕ್ಷೆ ತಯಾರಿಸಿದರು. ಮೂರನೆಯ ಮೈಸೂರು ಯುದ್ಧದ (1790–1792) ನಂತರ ನಿಜಾಮರ ಸೀಮೆಯ ಭೂಮಾಪನ ಅವರ ಪಾಲಿಗೆ ಬಂದಿತು. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿಯೂ ಅವರು ಎಂಜಿನಿಯರ್ ಆಗಿ ಭಾಗವಹಿಸಿದ್ದರು.

ಮೈಸೂರು ಮೋಜಣಿ

ಟಿಪ್ಪು ಮಡಿದ ನಂತರ 1799ರ ಒಪ್ಪಂದದಂತೆ ಅವನ ರಾಜ್ಯವು ಕಂಪನಿ, ನಿಜಾಮ ಹಾಗೂ ಮೈಸೂರಿನ ಒಡೆಯರ ನಡುವೆ ಹಂಚಿಹೋಯಿತು. ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರು ಸಿಂಹಾಸನವೇರಿದರು, ಪೂರ್ಣಯ್ಯನವರು ದಿವಾನರಾದರು. ಯಾವ ಹಳ್ಳಿ ಯಾರ ಪಾಲಿಗೆ ಸೇರಿತು, ಗಡಿ ಎಲ್ಲಿ ಹಾದುಹೋಗುತ್ತದೆ, ನಾಡಿನಲ್ಲಿ ಕೆರೆ, ಕೋಟೆ, ದಾರಿಗಳು ಎಷ್ಟಿವೆ ಎಂಬುದನ್ನು ತಿಳಿಯಲು ಆಳುವವರಿಗೆ ಭರವಸೆಯ ನಕ್ಷೆ ಬೇಕಾಗಿತ್ತು. ಈ ಹೊಣೆಯನ್ನು ಮೆಕೆಂಜಿಯವರಿಗೆ ವಹಿಸಲಾಯಿತು. 1800ರಲ್ಲಿ ಆರಂಭವಾದ ಕೆಲಸವು ಸುಮಾರು 40,000 ಚದರ ಮೈಲಿ ಪ್ರದೇಶವನ್ನು ಒಳಗೊಂಡಿತ್ತು.

ತ್ರಿಕೋನ ಮಾಪನದಿಂದ ಬೆಟ್ಟಗಳ ತುದಿಗಳ ನಡುವಿನ ದೂರವನ್ನು ನಿಶ್ಚಯಿಸಿಕೊಂಡು, ಆ ಚೌಕಟ್ಟಿನೊಳಗೆ ಹಳ್ಳಿ, ಹಳ್ಳ, ದಾರಿಗಳನ್ನು ತುಂಬುವುದು ಅವರ ಕ್ರಮವಾಗಿತ್ತು. ಪ್ರತಿಯೊಂದು ಸೀಮೆಗೂ ನಕ್ಷೆಯ ಜೊತೆಗೆ ಒಂದು ವಿವರಣಾ ಗ್ರಂಥ ಸಿದ್ಧವಾಗುತ್ತಿತ್ತು. ಗ್ರಾಮಗಳ ಪಟ್ಟಿ, ಮನೆಗಳು, ಕೆರೆಗಳು, ಕೋಟೆಗಳು, ಬೆಳೆಗಳು ಹಾಗೂ ಸ್ಥಳದ ಇತಿಹಾಸ ಅದರಲ್ಲಿ ಸೇರಿರುತ್ತಿದ್ದವು. ಕೆಲಸದ ನಡುವೆ ಕಂಪನಿಯು ವೆಚ್ಚವನ್ನು ಕಡಿತಗೊಳಿಸಿತು. ಮೆಕೆಂಜಿಯವರೂ ಅವರ ಸಹಾಯಕರೂ ಮತ್ತೆ ಮತ್ತೆ ಜ್ವರಕ್ಕೆ ತುತ್ತಾದರು. ಆದರೂ ದಶಕದ ಕೊನೆಯ ಹೊತ್ತಿಗೆ ಮೋಜಣಿ ಪೂರ್ಣಗೊಂಡಿತು. 1810ರಲ್ಲಿ ಅವರು ಮದ್ರಾಸ್ ಪ್ರಾಂತದ ಸರ್ವೇಯರ್ ಜನರಲ್ ಆದರು.

ವಿಲಿಯಂ ಲ್ಯಾಂಬ್ಟನ್ ಅವರು ಇದೇ ಕಾಲದಲ್ಲಿ ಆರಂಭಿಸಿದ ಮಹಾ ತ್ರಿಕೋನ ಮಾಪನ ಇದರಿಂದ ಬೇರೆಯಾದುದು. ಭೂಮಿಯ ಆಕಾರವನ್ನೂ ದೂರದ ಬಿಂದುಗಳ ನಿಖರ ಸ್ಥಾನವನ್ನೂ ನಿರ್ಣಯಿಸುವುದು ಲ್ಯಾಂಬ್ಟನ್ ಅವರ ಗುರಿಯಾಗಿದ್ದರೆ, ಆ ಬಿಂದುಗಳ ನಡುವೆ ಇರುವ ನಾಡು ಹೇಗಿದೆ ಎಂಬುದನ್ನು ದಾಖಲಿಸುವುದು ಮೆಕೆಂಜಿಯವರ ಗುರಿಯಾಗಿತ್ತು.

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ

ಇಂದಿನ ತುಮಕೂರು ಜಿಲ್ಲೆಯ ಉತ್ತರ ಭಾಗದ ಈ ನಾಲ್ಕು ತಾಲ್ಲೂಕುಗಳು ಮೈಸೂರು ಮೋಜಣಿಯ ವ್ಯಾಪ್ತಿಗೆ ಸೇರಿದ್ದವು. 1799ರ ಹಂಚಿಕೆಯ ಪರಿಣಾಮ ಇಲ್ಲಿ ಈಗಲೂ ಕಣ್ಣಿಗೆ ಕಾಣುತ್ತದೆ. ಪಾವಗಡದ ಸುತ್ತಲಿನ ನೆಲ ಮೊದಲು ನಿಜಾಮನಿಗೂ, 1800ರಲ್ಲಿ ನಿಜಾಮನಿಂದ ಕಂಪನಿಗೂ ಹೋಯಿತು. ಪಾವಗಡ ಮಾತ್ರ ಮೈಸೂರಿನಲ್ಲಿ ಉಳಿಯಿತು. ಆದುದರಿಂದಲೇ ಇಂದಿನ ನಕ್ಷೆಯಲ್ಲಿ ಪಾವಗಡ ತಾಲ್ಲೂಕಿನ ಹೆಚ್ಚಿನ ಸುತ್ತಳತೆಗೆ ಆಂಧ್ರಪ್ರದೇಶವೇ ಗಡಿಯಾಗಿದೆ.

ಈ ಸೀಮೆಯ ಕಟ್ಟಡಗಳಲ್ಲಿ ಎರಡು ಬಗೆಗಳನ್ನು ಮುಖ್ಯವಾಗಿ ಗುರುತಿಸಬಹುದು. ಒಂದು, ಬೆಟ್ಟದ ಕೋಟೆಗಳು: ಆಗ ಮದ್ದಗಿರಿ ಎಂದು ಕರೆಯುತ್ತಿದ್ದ ಮಧುಗಿರಿ, ಮಧುಗಿರಿ ತಾಲ್ಲೂಕಿನ ಮಿಡಿಗೇಶಿ, ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗ, ಪಾವಗಡ ಮತ್ತು ನಿಡಗಲ್ಲು. ಮಧುಗಿರಿಯ ಬೆಟ್ಟ ಒಂದೇ ಬಂಡೆಯಂತೆ ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರಕ್ಕೆ ಏರಿದೆ. ಸ್ಥಳೀಯ ಪಾಳೆಯಗಾರರು ಕಟ್ಟಿದ ಇಲ್ಲಿನ ಕೋಟೆಯನ್ನು ಹೈದರಾಲಿ ಬಲಪಡಿಸಿದನು. 1763ರಲ್ಲಿ ಬಿದನೂರನ್ನು ಗೆದ್ದ ಮೇಲೆ ರಾಣಿ ವೀರಮ್ಮಾಜಿಯನ್ನು ಸೆರೆಯಲ್ಲಿಟ್ಟದ್ದು ಇದೇ ಕೋಟೆಯಲ್ಲಿ. 1767ರಲ್ಲಿ ಪೇಶ್ವೆ ಮಾಧವರಾಯನ ಸೇನೆ ಅವಳನ್ನು ಬಿಡಿಸಿತು.

ಎರಡನೆಯದು ಶಿರಾದ ಕಟ್ಟಡಗಳು. ಬಿಜಾಪುರದ ಆಡಳಿತದ ನಂತರ 1687ರಿಂದ 1757ರವರೆಗೆ ಶಿರಾ ಮೊಗಲರ ಪ್ರಾಂತದ ಕೇಂದ್ರವಾಗಿತ್ತು. ಮಲಿಕ್ ರಿಹಾನನ ಗೋರಿ ಮತ್ತು ಜುಮ್ಮಾ ಮಸೀದಿ ಕಲ್ಲಿನ ಕಟ್ಟಡಗಳಾದ್ದರಿಂದ ಉಳಿದುಬಂದಿವೆ. ಆದರೆ ದಿಲಾವರ್ ಖಾನನ ಅರಮನೆಯ ಕಥೆ ಬೇರೆ. ಬೆಂಗಳೂರು, ಶ್ರೀರಂಗಪಟ್ಟಣಗಳಲ್ಲಿ ಹೈದರ್ ಮತ್ತು ಟಿಪ್ಪು ಕಟ್ಟಿಸಿದ ಅರಮನೆಗಳಿಗೆ ಈ ಅರಮನೆಯೇ ಮಾದರಿಯಾಗಿತ್ತೆಂದೂ, ಬಾಳಿಕೆ ಬಾರದ ಸಾಮಗ್ರಿಯಿಂದ ಕಟ್ಟಿದ್ದರಿಂದ ಅದು ಅಳಿದುಹೋಯಿತೆಂದೂ ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ತಿಳಿಸುತ್ತದೆ. ಬೆಂಗಳೂರಿನ ಟಿಪ್ಪು ಅರಮನೆಯೂ ಶ್ರೀರಂಗಪಟ್ಟಣದ ದರಿಯಾ ದೌಲತ್ತೂ ಇಂದು ನಿಂತಿವೆ; ಮಾದರಿ ಎನ್ನಲಾದ ಕಟ್ಟಡ ಮಾತ್ರ ಇಲ್ಲ. ಕಂಬಗಳ ಅಂತರ, ಕಮಾನಿನ ಆಕಾರ, ಅಂಗಳದ ಅಳತೆ ಇವುಗಳನ್ನು ಹೋಲಿಸಿ ನೋಡದೆ ಅಂಥ ಮಾತನ್ನು ಪರೀಕ್ಷಿಸಲು ಸಾಧ್ಯವಿಲ್ಲ. ಕಟ್ಟಡ ನಿಂತಿರುವಾಗಲೇ ಅದನ್ನು ಏಕೆ ಅಳೆದಿಡಬೇಕು ಎಂಬುದಕ್ಕೆ ಈ ಸೀಮೆಯಲ್ಲಿಯೇ ಸಿಗುವ ನಿದರ್ಶನವಿದು.

ಫ್ರಾನ್ಸಿಸ್ ಬುಕಾನನ್ ಅವರೂ 1800ರಲ್ಲಿ ಮೈಸೂರು ನಾಡಿನಲ್ಲಿ ಸಂಚರಿಸುತ್ತ ಮಧುಗಿರಿ, ಶಿರಾಗಳಿಗೆ ಬಂದಿದ್ದರು. ಅವರ ಗಮನ ಬೆಳೆ, ಕಸುಬು, ವ್ಯಾಪಾರಗಳ ಮೇಲಿತ್ತು. ಅವರ ಪ್ರವಾಸ ಕಥನವನ್ನೂ ಮೆಕೆಂಜಿಯವರ ಮೋಜಣಿಯನ್ನೂ ಒಟ್ಟಿಗೆ ಓದಿದರೆ ಆ ಕಾಲದ ನಾಡಿನ ಚಿತ್ರ ಹೆಚ್ಚು ಪೂರ್ಣವಾಗುತ್ತದೆ. ಈ ಪ್ರದೇಶದ ಶಾಸನಗಳನ್ನು ಮುಂದೆ ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ 12ನೆಯ ಸಂಪುಟದಲ್ಲಿ (1904) ಪ್ರಕಟಿಸಿದರು.

ಸಹಾಯಕರು ಮತ್ತು ತರಬೇತಿ

ಮೆಕೆಂಜಿಯವರಿಗೆ ಭಾರತೀಯ ಭಾಷೆಗಳಲ್ಲಿ ಪ್ರಾವೀಣ್ಯವಿರಲಿಲ್ಲ. ಅವರ ಸಂಗ್ರಹವೆಲ್ಲ ಸ್ಥಳೀಯ ವಿದ್ವಾಂಸರ ದುಡಿಮೆಯ ಫಲ. ಅವರಲ್ಲಿ ಮೊದಲಿಗರು 1796ರಲ್ಲಿ ಸೇರಿದ ಕಾವಲಿ ವೆಂಕಟ ಬೋರಯ್ಯ. ಹಲವು ಭಾಷೆಗಳನ್ನು ಬಲ್ಲ ಬೋರಯ್ಯ ಊರೂರು ತಿರುಗಿ, ಶಾನುಭೋಗರು, ಗೌಡರು, ಅರ್ಚಕರು ಮುಂತಾದವರಿಂದ ಸ್ಥಳಚರಿತ್ರೆಗಳನ್ನು ಬರೆಸಿಕೊಳ್ಳುವ ಕ್ರಮವನ್ನು ರೂಪಿಸಿದರು. 1803ರಲ್ಲಿ ಅವರು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಾಗ ತಮ್ಮ ಲಕ್ಷ್ಮಯ್ಯ ಆ ಕೆಲಸವನ್ನು ಮುಂದುವರಿಸಿದರು. ಹೀಗೆ ಬರೆಸಿಕೊಂಡ ವೃತ್ತಾಂತಗಳೇ ಕೈಫಿಯತ್ತುಗಳು.

ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಶಾಸನಗಳನ್ನು ಓದುವುದರಲ್ಲಿ ನೆರವಾದರು. ರಾಜಾವಳೀ ಕಥೆಯ ಕರ್ತೃ ದೇವಚಂದ್ರನಿಗೂ ಮೆಕೆಂಜಿಯವರಿಗೂ ಪರಿಚಯವಾದದ್ದು ಮೈಸೂರು ಮೋಜಣಿಯ ಕಾಲದಲ್ಲಿ. ಜೈನರ ಬಗ್ಗೆ ಮೆಕೆಂಜಿಯವರು ಸಂಗ್ರಹಿಸಿದ ವಿವರಗಳು ಏಷ್ಯಾಟಿಕ್ ರಿಸರ್ಚಸ್‌ನ 9ನೆಯ ಸಂಪುಟದಲ್ಲಿ ಪ್ರಕಟವಾದವು.

ಅಳತೆ ಮತ್ತು ಚಿತ್ರಗಳ ಕೆಲಸಕ್ಕೆ ಮದ್ರಾಸಿನ ಮೋಜಣಿ ಶಾಲೆಯ ಹುಡುಗರು ಬರುತ್ತಿದ್ದರು. 1794ರಲ್ಲಿ ಮೈಕೆಲ್ ಟಾಪಿಂಗ್ ಆರಂಭಿಸಿದ ಈ ಶಾಲೆಗೆ ಮುಖ್ಯವಾಗಿ ಅಲ್ಲಿನ ಅನಾಥಾಲಯದ ಮಕ್ಕಳನ್ನು ಸೇರಿಸಿಕೊಳ್ಳಲಾಗುತ್ತಿತ್ತು. ಗಣಿತ, ಉಪಕರಣಗಳ ಬಳಕೆ ಹಾಗೂ ನಕ್ಷೆ ಬರೆಯುವ ವಿದ್ಯೆಯನ್ನು ಕಲಿತ ಹುಡುಗರು ಮೆಕೆಂಜಿಯವರ ತಂಡದಲ್ಲಿ ಬಯಲಿನ ಕೆಲಸ ಕಲಿತರು. ಈ ರೀತಿ ತಯಾರಾದವರಲ್ಲಿ ಕೆಲವರು ಮುಂದೆ ಒಳ್ಳೆಯ ನಕ್ಷೆಗಾರರಾದರು.

ಜಾವಾ ಮತ್ತು ಅಮರಾವತಿ

1811ರಲ್ಲಿ ಕಂಪನಿಯು ಜಾವಾ ದ್ವೀಪದ ಮೇಲೆ ನಡೆಸಿದ ದಂಡಯಾತ್ರೆಯಲ್ಲಿ ಮೆಕೆಂಜಿಯವರು ಭಾಗವಹಿಸಿ, ಸುಮಾರು ಎರಡು ವರ್ಷ ಅಲ್ಲಿದ್ದರು. ಪ್ರಂಬನಾನಿನ ಹಿಂದೂ ದೇವಾಲಯಗಳ ಅವಶೇಷಗಳನ್ನು ಪರಿಶೀಲಿಸಿ ಅವುಗಳ ಬಗ್ಗೆ ಬರೆದರು. 1812ರಲ್ಲಿ ಬಟೇವಿಯಾದಲ್ಲಿ ಪೆಟ್ರೊನೆಲ್ಲಾ ಬಾರ್ಟೆಲ್ಸ್ ಅವರನ್ನು ವಿವಾಹವಾದರು.

ಕೃಷ್ಣಾ ನದಿಯ ದಂಡೆಯ ಅಮರಾವತಿಯ ಬೌದ್ಧ ಸ್ತೂಪವನ್ನು ಅವರು 18ನೆಯ ಶತಮಾನದ ಕೊನೆಯಲ್ಲಿ ಮೊದಲ ಬಾರಿ ಕಂಡಿದ್ದರು. ಆಗ ಅಲ್ಲಿನ ಜಮೀನ್ದಾರರು ಹೊಸ ಊರು ಕಟ್ಟಿಸುತ್ತಿದ್ದು, ದಿಬ್ಬದ ಕಲ್ಲುಗಳು ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದವು. 1816ರಲ್ಲಿ ಮೆಕೆಂಜಿಯವರು ತಂಡದೊಂದಿಗೆ ಮರಳಿ ಬಂದಾಗ ದಿಬ್ಬದ ನಡುಭಾಗವನ್ನು ಅಗೆದು ಕೊಳ ಮಾಡಲಾಗಿತ್ತು. ಹ್ಯಾಮಿಲ್ಟನ್, ನ್ಯೂಮನ್, ಬರ್ಕ್ ಮೊದಲಾದ ನಕ್ಷೆಗಾರರು ಉಳಿದದ್ದನ್ನು ಅಳೆದು, ಮುಂದಿನ ಕೆಲವು ವರ್ಷಗಳಲ್ಲಿ ಸ್ಥಳದ ನಕ್ಷೆಯನ್ನೂ ಶಿಲ್ಪಫಲಕಗಳ ಚಿತ್ರಗಳನ್ನೂ ಒಂದೊಂದಾಗಿ ಬರೆದರು.

ಮುಂದೆ ಅಮರಾವತಿಯ ಶಿಲ್ಪಗಳು ಚದುರಿಹೋದವು. ಇಂದು ಹೆಚ್ಚಿನವು ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿಯೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿಯೂ ಇವೆ. ಚಿತ್ರದಲ್ಲಿರುವ ಕೆಲವು ಫಲಕಗಳು ಈಗ ಎಲ್ಲಿಯೂ ಇಲ್ಲ. ಕಳೆದುಹೋದ ಆ ಶಿಲ್ಪಗಳಿಗೆ ಮೆಕೆಂಜಿಯವರ ತಂಡದ ಕಾಗದಗಳೇ ಆಧಾರ.

ಕೊನೆಯ ದಿನಗಳು ಮತ್ತು ಸಂಗ್ರಹ

1815ರಲ್ಲಿ ಭಾರತದ ಸರ್ವೇಯರ್ ಜನರಲ್ ಆಗಿ ನೇಮಕಗೊಂಡ ಮೆಕೆಂಜಿಯವರು 1817ರಲ್ಲಿ ಕಲ್ಕತ್ತೆಗೆ ತೆರಳಿದರು. ಲಕ್ಷ್ಮಯ್ಯ ಮೊದಲಾದ ಸಹಾಯಕರಲ್ಲಿ ಕೆಲವರು ಅವರೊಂದಿಗೆ ಹೋದರು. 1816ರಲ್ಲಿ ಥಾಮಸ್ ಹಿಕಿ ಬರೆದ ವರ್ಣಚಿತ್ರದಲ್ಲಿ ಮೆಕೆಂಜಿಯವರು ಭಾರತೀಯ ಸಹಾಯಕರ ನಡುವೆ ನಿಂತಿದ್ದಾರೆ. ಹಿನ್ನೆಲೆಯಲ್ಲಿ ಗೊಮ್ಮಟನ ಏಕಶಿಲಾ ಮೂರ್ತಿ ಇದೆ. ಸಂಗ್ರಹವನ್ನು ಕ್ರಮಪಡಿಸಿ ಪ್ರಕಟಿಸುವ ಅವರ ಆಸೆ ಈಡೇರಲಿಲ್ಲ. 1821ರ ಮೇ 8ರಂದು ಅವರು ನಿಧನರಾದರು. ಅವರ ಸಮಾಧಿ ಕಲ್ಕತ್ತೆಯ ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿದೆ.

ಅವರ ಪತ್ನಿಯಿಂದ ಕಂಪನಿಯು ಸಂಗ್ರಹವನ್ನು 1 ಲಕ್ಷ ರೂಪಾಯಿಗೆ ಕೊಂಡಿತು. ಹೊರೇಸ್ ಹೇಮನ್ ವಿಲ್ಸನ್ 1828ರಲ್ಲಿ ಪ್ರಕಟಿಸಿದ ಸೂಚಿಯ ಪ್ರಕಾರ ಅದರಲ್ಲಿ 1,568 ಸಾಹಿತ್ಯ ಕೃತಿಗಳು, 2,070 ಸ್ಥಳೀಯ ವೃತ್ತಾಂತಗಳು, 8,076 ಶಾಸನ ಪ್ರತಿಗಳು, 2,630 ಚಿತ್ರಗಳು, 79 ನಕ್ಷೆಗಳು ಮತ್ತು 6,218 ನಾಣ್ಯಗಳಿದ್ದವು. ಇವು ಈಗ ಲಂಡನ್, ಚೆನ್ನೈ ಮುಂತಾದೆಡೆ ಹಂಚಿಹೋಗಿವೆ. ಕನ್ನಡದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ್ದು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ.

ಮೆಕೆಂಜಿಯವರ ನಂತರ ಆ ಕೆಲಸವನ್ನು ತಾವೇ ಮುಂದುವರಿಸಲು ಲಕ್ಷ್ಮಯ್ಯ ಅನುಮತಿ ಕೋರಿದರು. ಸುಮಾರು ಕಾಲು ಶತಮಾನ ಅದೇ ಕೆಲಸವನ್ನು ಮಾಡಿದ್ದರೂ, ಇಂಥ ಹೊಣೆಯನ್ನು ಒಬ್ಬ ಭಾರತೀಯ ವಿದ್ವಾಂಸರಿಗೆ ಒಪ್ಪಿಸಲು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿ 1836ರಲ್ಲಿ ಸಮ್ಮತಿಸಲಿಲ್ಲ. ಹಸ್ತಪ್ರತಿಗಳ ಪರಿಶೀಲನೆ ವಿಲಿಯಂ ಟೇಲರ್ ಎಂಬ ಪಾದ್ರಿಯವರ ಪಾಲಾಯಿತು.

ಗಣಕಯಂತ್ರ ಮತ್ತು ಕಟ್ಟಡಗಳ ವಿಶ್ಲೇಷಣೆ

ಕಟ್ಟಡವನ್ನು ಅಳತೆಗೆ ತಕ್ಕಂತೆ ಚಿತ್ರಿಸಲು ಸಾಮಾನ್ಯವಾಗಿ ಮೂರು ಬಗೆಯ ಚಿತ್ರಗಳನ್ನು ಬಳಸುತ್ತಾರೆ. ಗೋಡೆ, ಕಂಬಗಳು ನೆಲದ ಮೇಲೆ ಹೇಗೆ ಹರಡಿವೆ ಎಂಬುದನ್ನು ತಳವಿನ್ಯಾಸ ತೋರಿಸುತ್ತದೆ. ಹೊರಗೋಡೆ ಎದುರಿನಿಂದ ಹೇಗೆ ಕಾಣುತ್ತದೆ ಎಂಬುದನ್ನು ಎದುರುನೋಟವೂ, ಕಟ್ಟಡವನ್ನು ಮೇಲಿನಿಂದ ಕೆಳಗೆ ಸೀಳಿದರೆ ಒಳಗೆ ಏನಿದೆ ಎಂಬುದನ್ನು ಸೀಳುನೋಟವೂ ತಿಳಿಸುತ್ತವೆ. ಮೆಕೆಂಜಿಯವರ ಕಾಲದಲ್ಲಿ ಪ್ರತಿಯೊಂದನ್ನೂ ಕೈಯಿಂದ ಬೇರೆ ಬೇರೆಯಾಗಿ ಬರೆಯಬೇಕಾಗಿತ್ತು. ಗಣಕಯಂತ್ರದಲ್ಲಿ ಕಟ್ಟಡದ ಮೂರು ಆಯಾಮದ ಮಾದರಿಯನ್ನು ಒಮ್ಮೆ ರಚಿಸಿಕೊಂಡರೆ, ಈ ಮೂರನ್ನೂ ಅದರಿಂದಲೇ ಪಡೆಯಬಹುದು. ಬೇಕಾದ ಜಾಗದಲ್ಲಿ ಸೀಳಿ ನೋಡಬಹುದು.

ಇಂಥ ಮಾದರಿಗೆ ಅಳತೆಯನ್ನು ಪಡೆಯುವ ಎರಡು ವಿಧಾನಗಳು ಬಳಕೆಯಲ್ಲಿವೆ. ಲೇಸರ್ ಯಂತ್ರವು ಕಿರಣವನ್ನು ಹಾಯಿಸಿ, ಅದು ಮೇಲ್ಮೈಗೆ ತಗುಲಿ ಮರಳುವುದರಿಂದ ಲಕ್ಷಾಂತರ ಬಿಂದುಗಳ ದೂರವನ್ನು ಲೆಕ್ಕ ಹಾಕುತ್ತದೆ. ಛಾಯಾಚಿತ್ರ ಮಾಪನದಲ್ಲಿ ಒಂದರ ಮೇಲೊಂದು ಭಾಗಶಃ ಚಾಚುವಂತೆ ಅನೇಕ ಚಿತ್ರಗಳನ್ನು ತೆಗೆದು, ಅವುಗಳಲ್ಲಿ ಸಮಾನವಾಗಿ ಕಾಣುವ ಬಿಂದುಗಳಿಂದ ಆಕಾರವನ್ನು ಕಂಡುಕೊಳ್ಳಲಾಗುತ್ತದೆ. ಬೆಟ್ಟದ ತುದಿಗಳನ್ನು ಎರಡು ಕಡೆಗಳಿಂದ ನೋಡಿ ಅವುಗಳ ಸ್ಥಾನವನ್ನು ನಿರ್ಣಯಿಸಿದ ಮೈಸೂರು ಮೋಜಣಿಯ ತ್ರಿಕೋನ ಗಣಿತವೇ ಇದಕ್ಕೂ ಆಧಾರ.

ಕರ್ನಾಟಕದಲ್ಲಿ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಬೆಂಬಲದಿಂದ ಹಂಪಿಯ ಪರಂಪರೆಯನ್ನು ಗಣಕಯಂತ್ರದಲ್ಲಿ ದಾಖಲಿಸುವ ಯೋಜನೆ ನಡೆದಿದ್ದು, ಅದರ ಅಧ್ಯಯನಗಳು 2017ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದವು. ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಿಂದ ಬೆಂಗಳೂರು ಸುತ್ತಮುತ್ತಲಿನ ಶಾಸನಗಳ ಮೂರು ಆಯಾಮದ ಪ್ರತಿಗಳನ್ನು ತಯಾರಿಸುತ್ತಿದೆ. ಅಮರಾವತಿಯ ಚಿತ್ರಸಂಪುಟವನ್ನು ಬ್ರಿಟಿಷ್ ಲೈಬ್ರರಿ ಅಂತರಜಾಲದಲ್ಲಿ ಪ್ರಕಟಿಸಿದೆ.

ಪಾಠದ ದೃಷ್ಟಿಯಿಂದ ಗಣಕಯಂತ್ರದ ಮುಖ್ಯ ಉಪಯೋಗ ಕಟ್ಟಡವನ್ನು ಬಿಡಿಸಿ ಜೋಡಿಸಿ ತೋರಿಸುವುದರಲ್ಲಿದೆ. ಸೋಮನಾಥಪುರದ ಕೇಶವ ದೇವಾಲಯದ ಗರ್ಭಗುಡಿಗಳ ಹೊರಗೋಡೆ 16 ಮೂಲೆಗಳ ನಕ್ಷತ್ರದಂತಿದೆ. ಒಂದು ಚೌಕವನ್ನು ಅದರ ನಡುಬಿಂದುವಿನ ಸುತ್ತ 22.5 ಡಿಗ್ರಿಯಂತೆ ಮೂರು ಬಾರಿ ತಿರುಗಿಸಿ, ನಾಲ್ಕು ಚೌಕಗಳನ್ನೂ ಒಂದರ ಮೇಲೊಂದು ಇಟ್ಟರೆ ಆ ಆಕಾರ ದೊರೆಯುತ್ತದೆ. ವಿದ್ಯಾರ್ಥಿ ಇದನ್ನು ಪರದೆಯ ಮೇಲೆ ತಾನೇ ಮಾಡಿ ನೋಡಿದಾಗ, ಜಟಿಲವೆನಿಸುವ ಗೋಡೆಯ ಹಿಂದಿನ ಸರಳ ನಿಯಮ ಸ್ಪಷ್ಟವಾಗುತ್ತದೆ. ಮಧುಗಿರಿಯಂಥ ಕೋಟೆಗೆ ಬೆಟ್ಟದ ಏರಿಳಿತವನ್ನೂ ಮಾದರಿಯಲ್ಲಿ ಸೇರಿಸಬೇಕಾಗುತ್ತದೆ. ಒಂದು ಬಾಗಿಲಿನಿಂದ ಮುಂದಿನ ಬಾಗಿಲಿಗೆ ಹೋಗುವ ದಾರಿಯುದ್ದಕ್ಕೂ ಸೀಳುನೋಟವನ್ನು ತೆಗೆದರೆ, ಏರಿ ಬರುವವರು ಯಾವ ಗೋಡೆಯ ಕಣ್ಣಳತೆಗೆ ಸಿಗುತ್ತಾರೆ ಎಂಬುದನ್ನು ತರಗತಿಯಲ್ಲೇ ವಿವರಿಸಬಹುದು. ಬುಡದಲ್ಲಿ ನಿಂತು ತೆಗೆದ ಒಂದು ಛಾಯಾಚಿತ್ರದಿಂದ ಇದು ತಿಳಿಯುವುದಿಲ್ಲ.

ಪರದೆಯ ಮೇಲಿನ ಮಾದರಿಯಲ್ಲಿ ಅಪಾಯವೂ ಇದೆ. ಅಳೆದ ಭಾಗ ಮತ್ತು ಊಹಿಸಿ ಸೇರಿಸಿದ ಭಾಗ ಎರಡೂ ಒಂದೇ ರೀತಿ ಕಾಣುತ್ತವೆ. ಶಿರಾದ ಅರಮನೆಯನ್ನು ಯಾರಾದರೂ ಹೀಗೆ ಮರುರೂಪಿಸಿದರೆ, ಶ್ರೀರಂಗಪಟ್ಟಣದಿಂದ ಎರವಲು ಪಡೆದ ಕಮಾನನ್ನು ನೋಡುಗರು ಶಿರಾದ್ದೇ ಎಂದು ನಂಬಬಹುದು. ಆದುದರಿಂದ ಆಧಾರ ಯಾವುದು, ಊಹೆ ಯಾವುದು ಎಂಬುದನ್ನು ಮಾದರಿಯಲ್ಲೇ ದಾಖಲಿಸಬೇಕೆಂದು 2006ರಲ್ಲಿ ಮೊದಲು ರೂಪುಗೊಂಡ ಲಂಡನ್ ಸನ್ನದು ಸೂಚಿಸುತ್ತದೆ. ಮೆಕೆಂಜಿಯವರ ನಕ್ಷೆಗಾರರು ಅಮರಾವತಿಯ ಚಿತ್ರಗಳ ಮೇಲೆ ಹೆಸರು ಮತ್ತು ದಿನಾಂಕಗಳನ್ನು ಬರೆದಿಟ್ಟದ್ದರಿಂದ ಅವು ಇಂದಿಗೂ ಸಾಕ್ಷ್ಯವಾಗಿ ಬಳಕೆಯಾಗುತ್ತಿವೆ.

ಮೌಲ್ಯಮಾಪನ

ಮೆಕೆಂಜಿಯವರ ಕೆಲಸವನ್ನು ವಿದ್ವಾಂಸರು ಎರಡು ದೃಷ್ಟಿಗಳಿಂದ ನೋಡಿದ್ದಾರೆ. ಮೋಜಣಿಯು ಗೆದ್ದ ನಾಡನ್ನು ಆಳಲು ಹಾಗೂ ತೆರಿಗೆ ವಸೂಲಿಗೆ ನೆರವಾಗುವ ಸಾಧನವಾಗಿತ್ತು ಎಂಬುದು ಒಂದು. ಆ ಕಾಲದಲ್ಲಿ ಬರೆದಿಡದಿದ್ದರೆ ಅಳಿದುಹೋಗುತ್ತಿದ್ದ ಸ್ಥಳಚರಿತ್ರೆ, ಶಾಸನ, ಶಿಲ್ಪಗಳ ವಿವರ ಅದರಿಂದ ಉಳಿಯಿತು ಎಂಬುದು ಇನ್ನೊಂದು. ಎರಡೂ ಸತ್ಯವೇ ಆಗಿವೆ. ಬೋರಯ್ಯ, ಲಕ್ಷ್ಮಯ್ಯ, ಧರ್ಮಯ್ಯ ಹಾಗೂ ಹೆಸರು ಉಳಿಯದ ಅನೇಕ ಲಿಪಿಕಾರರ ಪಾಲನ್ನು ಇತ್ತೀಚಿನ ಅಧ್ಯಯನಗಳು ಮುನ್ನೆಲೆಗೆ ತಂದಿವೆ. ಮೆಕೆಂಜಿ ಸಂಗ್ರಹವು ದಕ್ಷಿಣ ಭಾರತದ ಇತಿಹಾಸ ಮತ್ತು ವಾಸ್ತುಶಿಲ್ಪದ ಅಧ್ಯಯನಕ್ಕೆ ಇಂದಿಗೂ ಮುಖ್ಯ ಆಕರವಾಗಿದೆ.